ಗುರುವಾರದ ಸರದಿ

ಬುಧವಾರ ಮಧ್ಯಾಹ್ನ ಠಾಣೆಗೆ ಬಂದ ಟೈಲರನ ಹೆಂಡತಿ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಾಳೆ ಬೆಳಿಗ್ಗೆ ನಮ್ಮ ಯಜಮಾನ್ರ ಡಯಾಲಿಸಿಸ್ ಸರದಿ ಮೇಡಂ. ರದ್ದು ಅಂತ ಫೋನಿಗೆ ಬಂದಿದೆ. ಹೋದ ಗುರುವಾರವೂ ಹೀಗೇ ಆಗಿ ಉಸಿರು ಸಿಗದೆ ಒದ್ದಾಡಿದ್ರು. ಇನ್ನೊಂದು ಸಲ ತಪ್ಪಿದ್ರೆ ಕಷ್ಟ ಅಂದಿದ್ದಾರೆ ಡಾಕ್ಟ್ರು."

ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರಮ್ಮ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು ಎಂದು ದಫೇದಾರ್ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದ. ಇವತ್ತು ಅವನಿಗೆ ಅರ್ಧ ಊಟಕ್ಕೇ ಕೈ ತೊಳೆದು ಜೀಪು ಹತ್ತಬೇಕಾಯಿತು.

ಆಸ್ಪತ್ರೆಯ ನರ್ಸ್ ಕಂಪ್ಯೂಟರ್ ಪರದೆ ತೋರಿಸಿದಳು. ಟೈಲರನ ಜಾಗದಲ್ಲಿ ಒಬ್ಬ ಹೆಂಗಸಿನ ಹೆಸರು.

"ಈ ಅಮ್ಮ ತೀರಿಕೊಂಡು ಮೂರು ತಿಂಗಳಾಯ್ತು. ಹೋದ ವಾರ ಯಂತ್ರ ಖಾಲಿ ಬಿದ್ದಿತ್ತು."

"ಹಾಗಾದ್ರೆ ಟೈಲರಿಗೇ ಕೊಡಿ."

"ಸರದಿ ಹಂಚೋ ಆ್ಯಪ್ ಒಪ್ಪದೆ ಯಂತ್ರ ಶುರುವಾಗಲ್ಲ ಮೇಡಂ. ಆ್ಯಪ್ ಕಂಪನಿಯವರು ಈ ಹೆಸರು ಅಳಿಸ್ತಾರೆ, ಸಂಜೆಗೆ ಮತ್ತೆ ಬರುತ್ತೆ."

ಸತ್ತವರು ಸರದಿ ಕೇಳುವುದುಂಟೇ? ಗಡಿಯಾರ ನೋಡಿಕೊಂಡೇ ಇನ್‌ಸ್ಪೆಕ್ಟರಮ್ಮ ಕಂಪನಿಯ ಮೆಟ್ಟಿಲು ಹತ್ತಿದರು. ಆ್ಯಪ್ ಕಟ್ಟಿದ ಇಂಜಿನಿಯರ್ ಮೆದು ಮಾತಿನ, ನಿದ್ದೆಗೆಟ್ಟ ಕಣ್ಣುಗಳ ಮನುಷ್ಯ.

"ಹೆಸರುಗಳು ಇರೋದು ಡೇಟಾಬೇಸ್‌ನಲ್ಲಿ. ಫೋನಿಂದ ಅದನ್ನ ಮುಟ್ಟೋಕೆ ಮೂರು ದಾರಿ ಮೇಡಂ. ಆ್ಯಪ್ ನೇರವಾಗಿ ಅದನ್ನೇ ತೆರೀಬಹುದು. ಆದ್ರೆ ಎಲ್ಲರ ಕೈಗೂ ಉಗ್ರಾಣದ ಬೀಗದಕೈ ಕೊಟ್ಟ ಹಾಗೆ. ನಡುವೆ ಒಂದು ಸರ್ವರ್ ಇಟ್ಟು ಅದನ್ನ ಕೇಳಬಹುದು. ನೆಟ್‌ವರ್ಕ್ ಹೋದ್ರೆ ರೋಗಿಗೆ ಏನೂ ಕಾಣಲ್ಲ. ಅದಕ್ಕೇ ಸರ್ವರ್ ಜೊತೆಗೆ ಪ್ರತಿ ಫೋನಲ್ಲೂ ಪಟ್ಟಿಯ ಒಂದು ನಕಲು ಇಟ್ವಿ. ನೆಟ್‌ವರ್ಕ್ ಬಂದಾಗ ಎರಡೂ ಹೊಂದಿಕೊಳ್ಳುತ್ತೆ."

"ಎರಡು ಫೋನು ಎರಡು ಥರ ಹೇಳಿದ್ರೆ?"

"ಕೊನೆಗೆ ಹೇಳಿದ್ದು ಗೆಲ್ಲುತ್ತೆ."

"ಈ ನಿಯಮ ಯಾರದ್ದು?"

"ನನ್ನದೇ."

"ಇಲ್ಲಿ ಕೊನೆಗೆ ಹೇಳಿದ್ದು ಯಾವ ಫೋನು?"

ಪಕ್ಕದ ಮೇಜಿನ ಹುಡುಗಿ ತನ್ನ ಪರದೆ ನೋಡಿ ಹೇಳಿದಳು, "ತೀರಿಕೊಂಡವರ ಫೋನೇ ಮೇಡಂ. ನಿನ್ನೆ ಸಂಜೆ." ಹೇಳಿದವಳೇ ತಲೆ ತಗ್ಗಿಸಿದಳು. "ಅವರು... ಸರ್ ಅವರ ಹೆಂಡತಿ."

ಇಂಜಿನಿಯರ್ ತಾನಾಗಿಯೇ ಮೇಜಿನ ಖಾನೆ ಎಳೆದ. ಒಳಗೆ ಹೆಂಡತಿಯ ಫೋನು ಚಾರ್ಜಿಗಿತ್ತು.

"ಬೇಲಿಯೇ ಎದ್ದು ಹೊಲ ಮೇಯ್ತಲ್ಲ," ಎಂದು ದಫೇದಾರ್ ಗೊಣಗಿದ.

"ಹೆಸರು ಅಳಿಸ್ತಿದ್ದೋರು ಯಾರು?" ಇನ್‌ಸ್ಪೆಕ್ಟರಮ್ಮ ಕೇಳಿದರು.

"ನಾನೇ. ಹಗಲು ಅಳಿಸ್ತಿದ್ದೆ. ಸಂಜೆ ಮನೆಗೆ ಹೋದ್ಮೇಲೆ ಮತ್ತೆ ಸೇರಿಸ್ತಿದ್ದೆ."

"ಯಾಕೆ?"

"ಸರದಿಯ ಹಿಂದಿನ ಸಂಜೆ ಅವಳ ಫೋನಿಗೆ ನೆನಪಿನ ಗಂಟೆ ಬರುತ್ತೆ. ನಾಳೆ ಅವಳನ್ನ ಕರ್ಕೊಂಡು ಹೋಗಬೇಕು ಅಂತ ಒಂದು ರಾತ್ರಿ ನಂಬ್ಕೊಂಡು ಮಲಗ್ತಿದ್ದೆ."

"ಇನ್ನೊಬ್ಬರ ಸರದಿ ಹೋಗುತ್ತೆ ಅಂತ ಗೊತ್ತಿತ್ತಾ?"

"ಮೊದಲು ಗೊತ್ತಿರಲಿಲ್ಲ. ಹೋದ ವಾರ ಗೊತ್ತಾಯ್ತು."

"ಆದ್ರೂ?"

"ಆದ್ರೂ."

ಇನ್‌ಸ್ಪೆಕ್ಟರಮ್ಮನಿಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಇಬ್ಬರು ಪಂಚರ ಮುಂದೆ ಪಂಚನಾಮೆ ನಡೆದು ಫೋನಿಗೆ ಮೊಹರು ಬಿತ್ತು. ಹುಡುಗಿ ತೀರಿಕೊಂಡವರ ಹೆಸರು ಅಳಿಸಿ ಟೈಲರನನ್ನು ಸೇರಿಸಿದಳು. ಸಂಜೆ ಆರಕ್ಕೆ ಬಂಧನ.

ಜೀಪಿನಲ್ಲಿ ಇನ್‌ಸ್ಪೆಕ್ಟರಮ್ಮ ಟೈಲರನ ಹೆಂಡತಿಗೆ ಕರೆ ಮಾಡಿದರು. ಆ ಕಡೆ ಇನ್ನೊಂದು ಫೋನಿನಲ್ಲಿ ಗಂಟೆ ಟಿಣ್ ಎಂದಿತು. "ಬಂತು ಮೇಡಂ! ಇವರ ಫೋನಿಗೆ ಈಗಷ್ಟೇ ಬಂತು!"

ಹಿಂದಿನ ಸೀಟಿನಲ್ಲಿದ್ದ ಇಂಜಿನಿಯರ್ ಬೆಚ್ಚಿ ನೆಟ್ಟಗೆ ಕೂತ. "ಆ ಯಂತ್ರದ ಮುಂದೆ ಕೂತರೆ ಚಳಿಯಾಗುತ್ತೆ," ಎಂದ. "ಹೊದ್ದುಕೊಳ್ಳೋಕೆ ಒಂದು ಶಾಲು ತಗೊಂಡು ಹೋಗೋಕೆ ಹೇಳಿ."

ಇನ್‌ಸ್ಪೆಕ್ಟರಮ್ಮ ಅದನ್ನೂ ಹೇಳಿದರು.