ನಟನೆ ಕಾಣಲಿಲ್ಲ

ಕೊಟ್ರೇಶನ ಎಡಗಣ್ಣಿನ ರೆಪ್ಪೆಯಲ್ಲಿ ಒಂದೇ ಒಂದು ಕೂದಲು ಕಂದು ಬಣ್ಣದ್ದಿದೆ. ಅದು ನನಗೆ ಗೊತ್ತಾದದ್ದು ಪ್ರೀತಿಯಿಂದಲ್ಲ, ಪಾಠದಿಂದ.

ದಾವಣಗೆರೆಯ ಮಂಡಿಪೇಟೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ಖುರ್ಷೀದಾ ಮೇಡಂ ಪ್ರತಿ ಶನಿವಾರ ಮಧ್ಯಾಹ್ನ ರಂಗನಟನೆಯ ಕ್ಲಾಸ್ ನಡೆಸುತ್ತಾರೆ. ಒಟ್ಟು ನಾಲ್ಕು ಹಂತ. ಮೊದಲನೆಯದರಲ್ಲಿ ಬರೀ ಉಸಿರಾಡುವುದು, ನೆಟ್ಟಗೆ ನಿಲ್ಲುವುದು. ಎರಡನೆಯದು ಕನ್ನಡಿ ಪಾಠ. ಇಬ್ಬರು ಎದುರುಬದುರು ನಿಂತು, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕನ್ನಡಿಯ ಹಾಗೆ ಮಾಡಬೇಕು. ಕಣ್ಣು ಮಾತ್ರ ಕೀಳುವಂತಿಲ್ಲ.

ನನ್ನ ಎದುರಿಗೆ ಕೊಟ್ರೇಶ ಬಂದ. ಅವನು ಕೈ ಎತ್ತಿದ, ನಾನೂ ಎತ್ತಿದೆ. ಅವನು ಕುತ್ತಿಗೆ ವಾಲಿಸಿದ, ನಾನೂ ವಾಲಿಸಿದೆ. ಅವನು ನಗು ತಡೆದುಕೊಂಡ. ಅದನ್ನೂ ತಡೆದುಕೊಂಡೆ.

"ಕಣ್ಣು ಮಿಟುಕಿಸಿದ್ರಿ," ಅಂದ.

"ಮೊದಲು ಮಿಟುಕಿಸಿದ್ದು ನೀವು."

"ಮೇಡಂ! ಇವ್ರಿಗೆ ಮಾತು ಬರುತ್ತೆ ರೀ!"

ಇಡೀ ಕ್ಲಾಸು ನಕ್ಕಿತು. ಆರು ವಾರಗಳಲ್ಲಿ ನಾನು ಆಡಿದ ಮೊದಲ ಮಾತು ಅದು.

ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಹರಿಹರದ ಮನೆಯಲ್ಲೇ ಇದ್ದೆ. ಡೈರಿ ಬಿಟ್ಟರೆ ಬೇರೆ ಯಾರ ಜೊತೆಗೂ ನನಗೆ ಹೆಚ್ಚು ಮಾತಿರಲಿಲ್ಲ. ಐದು ಕಡೆಯವರು ನೋಡಲು ಬಂದು, "ಹುಡುಗಿ ಬಾಯೇ ಬಿಡಲ್ಲ" ಎಂದು ಹೋಗಿದ್ದರು. ಮಾತಾದರೂ ಬರಲಿ ಎಂದು ಕ್ಲಾಸಿಗೆ ಸೇರಿಸಿದವಳು ಅಮ್ಮನೇ. ಕಲಿಸಿದ್ದು ಎಲ್ಲಿಗೆ ಮುಟ್ಟಿತು ಎಂಬುದು ಅವಳಿಗೆ ಇವತ್ತಿಗೂ ಅರ್ಥವಾಗಿಲ್ಲ.

ಕೊಟ್ರೇಶ ಮಾಯಕೊಂಡದವನು. ಮನೆಮನೆಗೆ ಹೋಗಿ ವಾಟರ್ ಫಿಲ್ಟರ್ ಸರ್ವಿಸ್ ಮಾಡುತ್ತಾನೆ. ದಾವಣಗೆರೆ, ಹರಿಹರ ಎರಡೂ ಅವನ ಏರಿಯಾ. ಕ್ಲಾಸ್ ಮುಗಿದ ಮೇಲೆ ನನ್ನ ಜೊತೆ ಬಸ್‌ಸ್ಟ್ಯಾಂಡಿನವರೆಗೆ ನಡೆಯುತ್ತಿದ್ದ. ಮಂಡಕ್ಕಿ ಪೊಟ್ಟಣ ನನ್ನ ಕಡೆ ಚಾಚುತ್ತಿದ್ದ. ಇಬ್ಬರ ಬೆರಳೂ ಒಟ್ಟಿಗೆ ಪೊಟ್ಟಣದೊಳಗೆ ಇಳಿದಾಗ, ಬೇಕೆಂದೇ ಒಂದು ಮೆಣಸಿನಕಾಯಿ ಹುಡುಕುವವನಂತೆ ತಡಮಾಡುತ್ತಿದ್ದ. ನಾನು ಬೇರೆ ಕಡೆ ನೋಡುತ್ತಿದ್ದೆ. ಬೆರಳು ಮಾತ್ರ ತೆಗೆಯುತ್ತಿರಲಿಲ್ಲ.

ಮೂರನೇ ಹಂತ ಶುರುವಾದ ದಿನ ಮೇಡಂ ಕನ್ನಡಕ ತೆಗೆದಿಟ್ಟು ಹೇಳಿದರು: "ಒಂದು ಗಂಟೆ, ನಿಮ್ಮದೇ ಜಾಗದಾಗ, ನೀವಲ್ಲದ ಇನ್ನೊಬ್ಬರಾಗಬೇಕು. ಅಲ್ಲಿರೋರಿಗೆ ಗೊತ್ತಾಗಬಾರದು. ಕ್ಲಾಸಿನೋರು ಒಬ್ಬರು ಪಕ್ಕದಲ್ಲಿದ್ದು ನೋಡಿ, ಬರಕೊಂಡು ಬರಬೇಕು."

"ಅಷ್ಟೇನಾ ಮೇಡಂ?" ಎಂದ ಯಾರೋ.

"ಅಷ್ಟೇ ಅಲ್ಲ, ಖಬರ್ದಾರ್. ಇಲ್ಲಿ ಕೂತೋರಿಗೆ ಇದು ನಾಟಕ ಅಂತ ಗೊತ್ತೈತೆ. ಹೊರಗಿನೋರಿಗೆ ಪರದೆ ಬೀಳೋದೇ ಇಲ್ಲ. ಒಂದು ಗಂಟೆ ಅಂದ್ರೆ ಒಂದೇ ಗಂಟೆ."

ಆ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕೊಟ್ರೇಶನಿಗೆ ಹೇಳಿದೆ, "ನಾಳೆ ನಮ್ಮನೇಗೆ ನನ್ನ ನೋಡೋಕೆ ಬರ್ತಾರೆ."

ಮಂಡಕ್ಕಿ ತುಂಬಿದ ಅವನ ಕೈ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು.

"ಪಾಠಕ್ಕೆ ಸರಿಯಾಗೈತೆ," ಎಂದೆ. "ನಾನು ಖುಷಿಯಿಂದ ಒಪ್ಪಿಕೊಂಡ ಹುಡುಗಿ ಆಗ್ತೀನಿ. ನೋಡಿ ಬರೆಯೋಕೆ ನೀವು ಬರ್ರಿ. ನಮ್ಮ ಫಿಲ್ಟರಿನ ಸರ್ವಿಸೂ ಬಾಕಿ ಐತೆ."

"ಅವ್ರು ನಿಜವಾಗ್ಲೂ ಒಪ್ಪಿಬಿಟ್ರೆ?"

"ಅವ್ರಿಗೆ ನೌಕರಿ ಇರೋ ಹುಡುಗಿನೇ ಬೇಕಂತೆ. ಬ್ರೋಕರ್ ನಿಂಗಪ್ಪ ಹೇಳ್ಯಾನೆ. ಉಪ್ಪಿಟ್ಟು ತಿಂದು ಹೋಗ್ತಾರೆ, ಅಷ್ಟೇ."

"ಉಪ್ಪಿಟ್ಟು ನಂಗೂ ಐತೋ, ಇಲ್ವೋ?"

ಅವನು ನಕ್ಕ. ಆದರೆ ಆ ನಗು ಕಣ್ಣಿನವರೆಗೆ ಬರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದೂ ಅದೇ. ನನ್ನನ್ನು ರೇಷ್ಮೆ ಸೀರೆಯಲ್ಲಿ ಬೇರೆಯವರ ಮುಂದೆ ನೋಡಿ ಅವನಿಗೆ ಸ್ವಲ್ಪ ಉರಿಯಲಿ ಎಂದಿತ್ತು. ಹಾಗೆ ಉರಿದವನು ಮುಂದಿನ ಶನಿವಾರ ಬಾಯಿಬಿಟ್ಟು ಏನಾದರೂ ಹೇಳಲಿ ಎಂದಿತ್ತು.

ಭಾನುವಾರ ಹತ್ತೂವರೆಗೆ ಕೊಟ್ರೇಶ ಚೀಲ ಹಿಡಿದು ಬಂದ.

"ಇವತ್ತೇ ಬರಬೇಕಿತ್ತೇನಪ್ಪಾ? ಜನ ಬರ್ತಾರೆ. ಲಗೂನ ಮುಗಿಸು," ಎಂದಳು ಅಮ್ಮ.

"ಆಯ್ತಮ್ಮಾರೆ. ನಾನು ಇರೋದೇ ಗೊತ್ತಾಗಲ್ಲ ನಿಮಗೆ."

ಹನ್ನೊಂದಕ್ಕೆ ದಾವಣಗೆರೆಯಿಂದ ಅವರು ಬಂದರು. ಹುಡುಗನ ಹೆಸರು ವಿಜಯಕುಮಾರ್. ಕರೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಅಕ್ಕಿ ಚೀಲ ಹೊಲಿಯುವ ಸ್ವಂತ ಯೂನಿಟ್ಟು. ಜೊತೆಗೆ ಅವನ ತಾಯಿ ಸರೋಜಮ್ಮ.

ನಾನು ಉಸಿರನ್ನು ಹೊಟ್ಟೆಗೆ ಇಳಿಸಿದೆ. ಗದ್ದ ಎರಡು ಬೆರಳು ಮೇಲೆತ್ತಿದೆ. ಖುಷಿಯಿಂದ ಒಪ್ಪಿಕೊಂಡ ಆ ಹುಡುಗಿ ಹೇಗೆ ನಡೆಯುತ್ತಾಳೆ ಎಂದು ಇಡೀ ಬೆಳಗು ಯೋಚಿಸಿದ್ದೆ. ಹಿಮ್ಮಡಿಯ ಮೇಲೆ ಭಾರ ಹಾಕದೆ, ಯಾರೋ ಕರೆದರು ಎಂಬಂತೆ ನಡೆಯುತ್ತಾಳೆ. ಹಾಗೇ ನಡೆದು ಹೋಗಿ ತಟ್ಟೆ ಇಟ್ಟೆ.

"ಅಡಿಗೆ ಬರುತ್ತೇನವ್ವ?" ಎಂದರು ಸರೋಜಮ್ಮ.

"ಬರುತ್ತೆ ರೀ. ತಿಂದೋರೆಲ್ಲ ಇನ್ನೂ ಬದುಕ್ಯಾರೆ."

ಎಲ್ಲರೂ ನಕ್ಕರು. ಅಪ್ಪ ಮಾತ್ರ ನಗಲಿಲ್ಲ. ಬೇರೆ ಯಾರದೋ ಮನೆಗೆ ಬಂದವರಂತೆ ನನ್ನನ್ನೇ ನೋಡುತ್ತಿದ್ದರು.

"ನೌಕರಿ ಆಸೆ ಐತೇನು?" ಎಂದ ವಿಜಯಕುಮಾರ್.

"ಮನೆ ನೋಡ್ಕೊಳ್ಳೋದು ನೌಕರಿ ಅಲ್ಲೇನ್ರಿ?"

ಆಗ ಅಡಿಗೆಮನೆಯ ಬಾಗಿಲಿಗೆ ಕೊಟ್ರೇಶ ಬಂದು ನಿಂತ. ಕೈಯಲ್ಲಿ ಫಿಲ್ಟರಿನೊಳಗೆ ನೀರು ಸೋಸುವ ಕ್ಯಾಂಡಲ್, ಇನ್ನೂ ತೊಯ್ದದ್ದು. ನಾನು ತಲೆ ಎತ್ತಿ ಅವನನ್ನು ನೋಡಿದೆ. 'ಹೆಂಗೈತೆ ನನ್ನ ಪಾಠ?' ಎಂದು ಒಳಗಿನ ಖುಷಿಯನ್ನೆಲ್ಲ ಕಣ್ಣಿಗೆ ತಂದು ನೋಡಿದೆ. ಆ ಗಂಟೆಯಲ್ಲಿ ನಾನು ನಟಿಸದೇ ಇದ್ದದ್ದು ಅದೊಂದೇ ಕ್ಷಣ.

ಆದರೆ ನಮ್ಮಿಬ್ಬರ ನಡುವೆ ವಿಜಯಕುಮಾರ್ ಕೂತಿದ್ದ. ಆ ನೋಟ ತನಗೇ ಎಂದುಕೊಂಡು ಅವನ ಮುಖ ಅರಳಿತು. ಕೊಟ್ರೇಶನೂ ಅದು ವಿಜಯಕುಮಾರನಿಗೇ ಎಂದುಕೊಂಡ.

ಗಡಿಯಾರ ಹನ್ನೆರಡು ಹೊಡೆಯಿತು. ನನ್ನ ಗಂಟೆ ಮುಗಿದಿತ್ತು. ಎದ್ದು ಒಳಗೆ ಹೋಗಬೇಕು ಎನ್ನುವಷ್ಟರಲ್ಲಿ ಸರೋಜಮ್ಮ ಮಲ್ಲಿಗೆ ದಂಡೆ ತೆಗೆದು ನನ್ನ ಮುಡಿಗೆ ಮುಡಿಸಿದರು.

"ನೌಕರಿ ಗೀಕರಿ ಬ್ಯಾಡ. ಇಂಥ ನಗುಮುಖ ಸಾಕು. ನಮ್ಮದು ಒಪ್ಪಿಗೆ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಅಡಿಗೆಮನೆಗೆ ಹೋಗಿ ನೋಡಿದೆ. ಫಿಲ್ಟರಿನ ಮುಚ್ಚಳ ಹಾಕಿತ್ತು. ಹಿಂದಿನ ಬಾಗಿಲು ತೆರೆದಿತ್ತು. ಅವನಿಗೆಂದು ಇಟ್ಟ ಉಪ್ಪಿಟ್ಟು ಹಾಗೇ ಆರಿಹೋಗಿತ್ತು.

ಮುಂದಿನ ಶನಿವಾರ ಅವನು ಕ್ಲಾಸಿನ ಮುಂದೆ ನಿಂತು ವರದಿ ಓದಿದ. ಎರಡೇ ವಾಕ್ಯ.

"ಒಂದು ಗಂಟೆ ನೋಡಿದೆ. ನಟನೆ ಕಾಣಲಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ಕ್ಲಾಸಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮೇಡಂ ಮಾತ್ರ ತಟ್ಟಲಿಲ್ಲ. ನನ್ನ ಮುಖ, ಅವನ ಮುಖ, ಎರಡನ್ನೂ ನೋಡಿದರು.

ಮೆಟ್ಟಿಲ ಮೇಲೆ ಅವನನ್ನು ಹಿಡಿದೆ. "ಅದು ಪಾಠ ಅಲ್ವೇನ್ರಿ?"

"ಹೌದು, ನಂಗೂ ಪಾಠ ಆಯ್ತು." ಅವನು ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡ. "ನಿಮ್ಮ ಕಣ್ಣು ಎರಡು ತಿಂಗಳು ಎದುರಿಗೆ ನಿಂತು ನೋಡೀನಿ. ಸುಳ್ಳು ಯಾವುದು, ನಿಜ ಯಾವುದು ಅಂತ ನಂಗೆ ಗೊತ್ತಾಗಲ್ವಾ? ಆ ನೋಟ ನಿಜ. ಒಳ್ಳೇ ಮನೆ ರೀ. ಚೆನ್ನಾಗಿರ್ರಿ."

ನೋಟ ನಿಜವೇ, ಅದು ನಿಮಗೆ, ಎನ್ನಬೇಕಿತ್ತು. ಆ ಹುಡುಗಿಯಾಗಿದ್ದರೆ ಥಟ್ಟನೆ ಹೇಳಿಬಿಡುತ್ತಿದ್ದಳು. ನನಗೆ ಬರಲಿಲ್ಲ. ಅದಾದ ಮೇಲೆ ಅವನು ಕ್ಲಾಸಿಗೆ ಬರಲಿಲ್ಲ, ಫೋನೂ ಎತ್ತಲಿಲ್ಲ.

ಮನೆಯಲ್ಲಿ ಎಲ್ಲರೂ ನಾನು ನಟಿಸಿದ ಆ ಹುಡುಗಿಯನ್ನೇ ಪ್ರೀತಿಸತೊಡಗಿದರು. ಅಮ್ಮ ನನ್ನ ತಲೆ ಬಾಚುತ್ತ, "ನನ್ನ ಮಗಳು ಎಷ್ಟು ಚೆಂದ ಮಾತಾಡ್ತಾಳೆ" ಎಂದು ಹಾಡಿನಂತೆ ಹೇಳುತ್ತಿದ್ದಳು. ಇಪ್ಪತ್ಮೂರು ವರ್ಷ ನನ್ನ ತಲೆ ಬಾಚಿದವಳು ಹಾಗೆ ಹೇಳಿದ್ದು ಅದೇ ಮೊದಲು. ನಾನು ಸುಮ್ಮನೆ ಕೂತರೆ, "ಯಾಕವ್ವ, ಹುಷಾರಿಲ್ವಾ?" ಎಂದು ಅಪ್ಪ ಹಣೆ ಮುಟ್ಟುತ್ತಿದ್ದರು.

ಒಂದು ದಿನ ಧೈರ್ಯ ಮಾಡಿದೆ. "ಅಮ್ಮ, ಆವತ್ತು ನಕ್ಕೋಳು ನಾನಲ್ಲ. ನಂಗೆ ಈ ಮದುವೆ ಬ್ಯಾಡ."

"ಸಾಕು ಸಾಕು, ನಾಟಕ ಆಡಬ್ಯಾಡ," ಎಂದು ಅಮ್ಮ ಕೆನ್ನೆ ಹಿಂಡಿದಳು. "ಮದುವಿ ಹತ್ರ ಬಂದ್ರೆ ಎಲ್ಲಾ ಹುಡುಗೇರೂ ಹಿಂಗೇ."

ದಿನಾ ಸಂಜೆ ಆರಕ್ಕೆ ವಿಜಯಕುಮಾರನ ಫೋನು. ಅವಳೇ ಎತ್ತುತ್ತಿದ್ದಳು. ಅವಳೇ ನಗುತ್ತಿದ್ದಳು. ಒಂದು ದಿನ ಡೈರಿ ತೆರೆದರೆ ಹಿಂದಿನ ದಿನದ ಪುಟದಲ್ಲಿ ಅಕ್ಷರಗಳು ದುಂಡಗಿದ್ದವು. ನನ್ನವು ಓರೆ ಅಕ್ಷರ, ಶಾಲೆಯಿಂದಲೂ. ಪುಟ ಮುಚ್ಚಿಟ್ಟೆ.

ನಿಶ್ಚಿತಾರ್ಥಕ್ಕೆ ನಾಲ್ಕು ದಿನ ಉಳಿದಿದ್ದಾಗ ವಿಜಯಕುಮಾರ್ ಫೋನಿನಲ್ಲಿ ಹೇಳಿದ, "ಶನಿವಾರದ ಕ್ಲಾಸ್ ಇನ್ನು ಬ್ಯಾಡ ಸುಧಾ. ನಾನೇ ನಿಮ್ಮ ಮೇಡಂಗೆ ಫೋನ್ ಮಾಡಿ ನಿನ್ನ ಹೆಸರು ತೆಗೆಸೀನಿ. ನಿಂಗ್ಯಾಕೆ ನಟನೆ? ಒಂದು ಸಣ್ಣ ಸುಳ್ಳೂ ಹೇಳೋಕೆ ಬರಲ್ಲ ನಿಂಗೆ."

ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಬಾಗಿಲನ್ನು ಮೆಲ್ಲಗೆ, ಸದ್ದಾಗದಂತೆ ಮುಚ್ಚುವವರ ಹಾಗಿತ್ತು.

"ಆಯ್ತು ರೀ," ಎಂದು ಅವಳು ನಕ್ಕಳು. ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ಇನ್ನು ನಾಲ್ಕು ದಿನ ಹೀಗೇ ನಿಂತರೆ, ಆಮೇಲೆ ನಾನು ಎಲ್ಲಿಯೂ ನಿಂತಿರುವುದಿಲ್ಲ ಎಂದು ಆಗ ಹೊಳೆಯಿತು.

ಮರುದಿನ ಬೆಳಿಗ್ಗೆ ಫಿಲ್ಟರಿನ ಪೈಪನ್ನು ನಾನೇ ಸಡಿಲ ಮಾಡಿದೆ. ನೀರು ಕಟ್ಟೆಯಿಂದ ನೆಲಕ್ಕೆ ಇಳಿಯಿತು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕಂಪ್ಲೇಂಟ್ ಕೊಟ್ಟೆ. ಏರಿಯಾ ಅವನದೇ. ಬರದೆ ವಿಧಿಯಿರಲಿಲ್ಲ.

ಹನ್ನೊಂದೂವರೆಗೆ ಬಂದ. ನನ್ನ ಮುಖ ನೋಡಲಿಲ್ಲ. ಮೊಣಕಾಲೂರಿ ಪೈಪಿಗೆ ಕೈ ಹಾಕಿದ.

"ಇದು ತಾನಾಗಿ ಬಿಚ್ಚಿಕೊಂಡಿದ್ದಲ್ಲ ರೀ."

"ಅಲ್ಲ."

ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಅವಳು ಆಚೆ ಹೋಗಲಿ ಎಂದು ಕಾಯಲಿಲ್ಲ. ಕಾದರೆ ಇನ್ನು ಮಾತು ಬರುವುದಿಲ್ಲ ಎಂದು ಗೊತ್ತಿತ್ತು.

"ಆವತ್ತು ನಾನು ನೋಡಿದ್ದು... ಅವ್ರ ಹಿಂದೆ... ನೀವಿದ್ರಿ. ನಿಮ್ಮನ್ನೇ ನೋಡಿದ್ದು."

ವಾಕ್ಯದ ಕೊನೆ ಬಾಯೊಳಗೇ ಉಳಿಯಿತು. ಮೇಡಂ ಇದ್ದಿದ್ದರೆ ಮೊದಲನೇ ಹಂತಕ್ಕೇ ವಾಪಸ್ ಕಳಿಸುತ್ತಿದ್ದರು.

ಅವನು ತಲೆ ಎತ್ತಿದ. ಕಣ್ಣು ಕೀಳದೆ ನೋಡಿದ, ಬಹಳ ಹೊತ್ತು. ನಾನೂ ಕೀಳಲಿಲ್ಲ.

"ಸುಧಾ ಅವ್ರೇ," ಎಂದ ಮೆಲ್ಲಗೆ. "ಆ ವರದಿಯ ಎರಡು ಸಾಲು ಬರೆಯೋಕೆ ನಾನು ಒಂದು ವಾರ ತಗೊಂಡೆ ರೀ."

"ಏನೇ ಇದು?" ಎಂದಳು ಅಮ್ಮ. ಈ ಸಲ ನಾಟಕ ಎನ್ನಲಿಲ್ಲ.

ಅಷ್ಟರಲ್ಲಿ ಕಟ್ಟೆಯ ಮೇಲಿದ್ದ ನನ್ನ ಫೋನು ಹೊಡೆದುಕೊಂಡಿತು. ಸಂಜೆ ಆರಾಗಿರಲಿಲ್ಲ. ಆದರೂ ವಿಜಯಕುಮಾರನೇ. ಅಮ್ಮ ಕೈ ಚಾಚುವುದರೊಳಗೆ ಎತ್ತಿದೆ.

"ಹಲೋ," ಎಂದೆ.

"ಯಾರ್ರೀ ಮಾತಾಡೋದು? ಸುಧಾಗೆ ಕೊಡ್ರಿ."

"ನಾನೇ ಸುಧಾ."

"ಏಯ್, ತಮಾಷೆನಾ? ದನಿ ಯಾಕೆ ಹಂಗೈತೆ?"

"ನನ್ನ ದನಿ ಇದೇ ರೀ. ನೀವು ನನ್ನ ಇನ್ನೂ ನೋಡೇ ಇಲ್ಲ. ಆವತ್ತು ನಿಮ್ಮ ಮುಂದೆ ಕೂತೋಳು ನಾನಲ್ಲ. ತಪ್ಪು ನಂದೇ. ಮದುವೆ ಬ್ಯಾಡ."

ಅವನು ಕೂಗಾಡುತ್ತಾನೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಹಿಂದೆ ಹೊಲಿಗೆ ಯಂತ್ರಗಳ ಸದ್ದು ಕೇಳುತ್ತಿತ್ತು. ಯಾರಿಗೋ ಏನೋ ಹೇಳಿದ. ಯಂತ್ರಗಳು ಒಂದೊಂದಾಗಿ ನಿಂತವು.

"ಎಲ್ಲೂ ಹೋಗಬ್ಯಾಡ್ರಿ," ಎಂದ. "ಬರ್ತೀವಿ. ಎಲ್ಲಾರೂ."

ಕರೂರಿನಿಂದ ಹರಿಹರಕ್ಕೆ ಕಾರಿನಲ್ಲಿ ಅರ್ಧ ಗಂಟೆ.

ಅಮ್ಮ ಬಾಗಿಲ ಚೌಕಟ್ಟು ಹಿಡಿದು ಹಾಗೇ ಕುಸಿದು ಕೂತಳು. ನನ್ನನ್ನು ನೋಡಿದಳು. ತಿಂಗಳ ನಂತರ ಊರಿಂದ ಬಂದ ಮಗಳನ್ನು ನೋಡಿದಂತೆ, ಸಂತೋಷವೂ ಇಲ್ಲದೆ, ಸಿಟ್ಟೂ ಇಲ್ಲದೆ.

ಕೊಟ್ರೇಶ ಪೈಪು ಬಿಗಿದು ಎದ್ದು ನಿಂತ. "ನಾನು ಇರ್ಲಾ?"

ಹೋಗಿ ಎಂದರೆ ಅವನಿಗೆ ಒಳ್ಳೆಯದು ಎಂದು ಗೊತ್ತಿತ್ತು. ಆ ಹುಡುಗಿಯಾಗಿದ್ದರೆ ನಗುತ್ತಲೇ ಕಳಿಸಿಕೊಡುತ್ತಿದ್ದಳು.

"ಇರ್ರಿ," ಎಂದೆ.

ಅಮ್ಮ ಅವನನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. "ಇದ್ರೆ ಇರು. ಆದ್ರೆ ಇವಳಪ್ಪ ಬರೋದ್ರೊಳಗೆ ಆ ನೀರು ಒರೆಸು. ಕಾಲು ಜಾರಿ ಬಿದ್ರೆ ಅದೊಂದು ಬೇರೆ."

ನಾನು ಒಂದು ಬಟ್ಟೆ ತಂದೆ, ಅವನಿಗೊಂದು ಕೊಟ್ಟೆ. ಇಬ್ಬರೂ ನೆಲಕ್ಕೆ ಕೂತು ಎರಡು ಮೂಲೆಯಿಂದ ಒರೆಸುತ್ತ ಬಂದೆವು. ನಡುವೆ ಬಟ್ಟೆಗಳು ಕೂಡಿದವು. ಅವನ ತಣ್ಣನೆಯ ಬೆರಳು ನನ್ನ ಬೆರಳಿನ ಮೇಲೆ ಬಂತು, ಅಲ್ಲೇ ನಿಂತಿತು.

ಓಣಿಯ ತಿರುವಿನಲ್ಲಿ ಒಂದು ಕಾರು ಗೇರ್ ಬದಲಾಯಿಸಿದ ಸದ್ದು ಕೇಳಿತು. ಅದರ ಹಿಂದೆ ಇನ್ನೊಂದು.

ನಾವಿಬ್ಬರೂ ತಲೆ ಎತ್ತಲಿಲ್ಲ.