ನೀರು ಕಾಣದ ಗಾಡಿ

ಮಾವನ ಮನೆಯ ಹಜಾರದಲ್ಲಿ, ಎಲ್ಲರ ಮುಂದೆ, ಷಡ್ಡಕ ತನ್ನನ್ನು ‘ಬದನೆಕಾಯಿ’ ಎಂದದ್ದನ್ನು ಅವನು ಹೇಗೋ ಕ್ಷಮಿಸುತ್ತಿದ್ದ. ಅದಕ್ಕೆ ಹೆಂಡತಿಯೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳಲ್ಲ, ಅದನ್ನು ಮಾತ್ರ ಕ್ಷಮಿಸಲಾಗಲಿಲ್ಲ. ಇಬ್ಬರು ಕೂರುವ ಸೋಫಾವನ್ನು ಒಬ್ಬರೇ ತುಂಬಿಕೊಂಡು ಕೂತಿದ್ದ ಮಾವ ಹೊಟ್ಟೆ ಕುಲುಕಿಸಿ ನಕ್ಕರು. ಸೋಫಾ ಕೂಡ ಅವರ ಜೊತೆ ನಕ್ಕಿತು.

ವಿಷಯ ಇಷ್ಟೇ. ಅವನದು ಹಳೆಯ ಕಾರುಗಳನ್ನು ಕೊಂಡು ಮಾರುವ ವ್ಯಾಪಾರ. ಗಾಡಿಗಳನ್ನು ನಿಲ್ಲಿಸುತ್ತಿದ್ದ ಶೆಡ್ಡು ಊರಾಚೆ ಕಾಲುವೆಯ ಪಕ್ಕದಲ್ಲಿತ್ತು. ಕಾಲುವೆಯ ಮೇಲ್ಭಾಗದಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಕಾರ್ಖಾನೆಯಲ್ಲಿ ಇವತ್ತು ಯಾವ ಬಣ್ಣವೋ ಕಾಲುವೆಯಲ್ಲೂ ಅದೇ ಬಣ್ಣ. ಕಳೆದ ಮಳೆಯಲ್ಲಿ ಕಾಲುವೆಯ ಏರಿ ಒಡೆದದ್ದು ನೇರಳೆಯ ದಿನ. ಅವನು ಮಂಡಿಯುದ್ದದ ನೀರಿನಲ್ಲಿ ನಿಂತು ಕಾರುಗಳನ್ನು ಒಂದೊಂದಾಗಿ ದಿಬ್ಬಕ್ಕೆ ಸಾಗಿಸಿದ. ನೀರು ಇಳಿದ ಮೇಲೆ ನೋಡಿದರೆ ಎರಡೂ ಪಾದ ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಈಗಲೂ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಒಂದಿಷ್ಟು ಉಳಿದೇ ಇತ್ತು.

‘ಕಾಲು ಹೋದ್ರೆ ಹೋಗ್ಲಿ, ಒಂದು ಗಾಡಿಗೂ ನೀರು ಸೋಕಿಸಲಿಲ್ಲ’ ಎಂದು ಅವನು ಎಲ್ಲರಿಗೂ ಹೇಳಿಕೊಂಡಿದ್ದ. ಅದು ಒಂದು ಗಾಡಿಯಷ್ಟು ಸುಳ್ಳು. ಹಿಂದಿನ ದಿನವಷ್ಟೇ ತಂದಿದ್ದ ಬೂದು ಬಣ್ಣದ ಎಸ್‌ಯುವಿ, ಸಂಭಾವಿತ ಮನೆತನದ ಗಾಡಿ, ಸ್ಟಾರ್ಟ್ ಆಗದೆ ಅಲ್ಲೇ ನಿಂತು, ನೀರು ಇನ್ನೂ ಏರಿದಾಗ ಸೀಟಿನ ಮಟ್ಟದವರೆಗೆ ನೇರಳೆ ನೀರು ಕುಡಿದಿತ್ತು. ಅದನ್ನು ಯಾರೂ ನೋಡಿರಲಿಲ್ಲ. ಟಾರ್ಪಾಲು ಹೊದಿಸಿ ಮೂಲೆಗೆ ತಳ್ಳಿದ್ದ.

ಆ ಕಾಲುವೆಯ ದಡ ಬಿಟ್ಟು ಹೊರಬರುವುದೊಂದೇ ಈಗ ಅವನ ಬಾಳಿನ ಆಸೆ. ದೊಡ್ಡ ರಸ್ತೆಯ ಮೂಲೆಯಲ್ಲಿ ಮಾವನದೊಂದು ಖಾಲಿ ಸೈಟು ಬಿದ್ದಿತ್ತು. ಗಾಡಿ ಅಂಗಡಿಗೆಂದೇ ದೇವರು ಕೊರೆದಿಟ್ಟ ಹಾಗಿದ್ದ ಜಾಗ. ಆದರೆ ಕನ್ನಡಕದ ಅಂಗಡಿ ಇಟ್ಟಿದ್ದ ಷಡ್ಡಕನ ಕಣ್ಣೂ ಅದರ ಮೇಲೇ ಇತ್ತು. ಮಾವ ತೂಗಿ ನೋಡುತ್ತಿದ್ದರು. ಲಾಂಡ್ರಿ ನಡೆಸಿ ಮುದುಕರಾದ ಮನುಷ್ಯ, ಈಗಲೂ ಅಂಗಿಯ ಮೇಲೆ ಬಿದ್ದ ಕಲೆ ಟೀಯದೋ ತುಕ್ಕಿನದೋ ಎಂದು ಬಾಗಿಲಲ್ಲೇ ನಿಂತು ಹೇಳಬಲ್ಲವರು. ತೊಡುತ್ತಿದ್ದದ್ದು ಬರೀ ಬಿಳಿ.

ಅವತ್ತು ನಗು ಮುಗಿದ ಮೇಲೆ ಷಡ್ಡಕ ಹೇಳಿದ. “ನಾನೊಂದು ಹಳೇ ಎಸ್‌ಯುವಿ ತಗೋಬೇಕು ಅಂತಿದ್ದೀನಿ. ನಿನ್ನ ಹತ್ರ ಮಾತ್ರ ಬೇಡ ಮಾರಾಯ. ಬೇರೆ ಕಡೆ ನೋಡೋವಾಗ ಜೊತೆಗೆ ಬಾ ಸಾಕು. ಕಳ್ಳರ ಕೈಚಳಕ ನಿಂಗೆ ಗೊತ್ತಿರತ್ತಲ್ಲ.”

“ಹೌದು ಅಳಿಯಂದ್ರೆ, ನೀವೇ ನಿಂತು ಕೊಡಿಸಿ,” ಎಂದರು ಮಾವ. “ಮಕ್ಕಳು ಓಡಾಡೋ ಗಾಡಿ. ಅದೊಂದು ನೆಟ್ಟಗೆ ಮಾಡಿ, ಆಮೇಲೆ ಸೈಟಿನ ಮಾತಾಡೋಣ.”

ಅವನು ತಲೆಯಾಡಿಸಿದ. ಮನೆಗೆ ಬರುವಷ್ಟರಲ್ಲಿ ತಲೆಯೊಳಗೆ ಇಡೀ ಯೋಜನೆ ಸಿದ್ಧವಾಗಿತ್ತು. ಮುಳುಗಿದ ಗಾಡಿಯನ್ನು ಷಡ್ಡಕನಿಗೇ ಮಾರುವುದು, ಮಾರಿದವನು ತಾನೆಂದು ಗೊತ್ತಾಗದ ಹಾಗೆ. ತಾನು ಆರಿಸಿ ಕೊಡಿಸಿದವನಾಗಿ ಪಕ್ಕದಲ್ಲಿ ನಿಂತಿರುವುದು. ಸೈಟೂ ಬಂತು, ಸೇಡೂ ತೀರಿತು, ಟಾರ್ಪಾಲಿನ ಕೆಳಗಿನ ಪೀಡೆಯೂ ತೊಲಗಿತು. ಮುಂದೆಂದಾದರೂ ಗಾಡಿ ಕೈಕೊಟ್ಟರೆ ಷಡ್ಡಕನಿಗಿಂತ ಜೋರಾಗಿ ತಾನೇ ಬಯ್ಯಬಹುದು.

ಕಾಗದಗಳು ಹಳೆಯ ಮಾಲೀಕರ ಹೆಸರಿನಲ್ಲೇ ಇದ್ದವು. ಪೇಟೆಯ ಇನ್ನೊಂದು ತುದಿಯಲ್ಲಿ ಬಾಡಿಗೆ ಮನೆಯಿದ್ದ ಗೆಳೆಯನೊಬ್ಬ ಆ ಮಾಲೀಕರ ತಮ್ಮನಾಗಲು ಒಪ್ಪಿದ. ಎಂಥ ಸುಳ್ಳನ್ನೂ ಆಕಳಿಸುತ್ತ ಹೇಳಬಲ್ಲ ಆಸಾಮಿ, ಹಾಗಾಗಿ ಯಾರಿಗೂ ಅನುಮಾನ ಬರುತ್ತಿರಲಿಲ್ಲ.

ಗಾಡಿಯನ್ನು ಸಿಂಗರಿಸುವ ಕೆಲಸವನ್ನು ಅವನು ಬೇರೆ ಯಾರ ಕೈಗೂ ಕೊಡಲಿಲ್ಲ. ಎಂಜಿನ್ನು, ಗೇರ್‌ಬಾಕ್ಸಿನ ಎಣ್ಣೆ ಬದಲಾಯಿಸಿದ. ಒಳಗಿನ ವೈರುಗಳನ್ನು ಬಿಚ್ಚಿ ಒಣಗಿಸಿದ. ಅವು ಇನ್ನೊಂದು ವರ್ಷ ಬಾಳಿದರೆ ಹೆಚ್ಚು ಎಂದು ಅವನಿಗೆ ಗೊತ್ತಿತ್ತು, ಆದರೆ ಅವನಿಗೆ ಬೇಕಾಗಿದ್ದದ್ದು ಒಂದು ಮಧ್ಯಾಹ್ನ. ನೆಲದ ಹಾಸು ಹೊಸದು, ಸೀಟಿನ ಹೊದಿಕೆ ಹೊಸದು. ಸೀಟಿನಡಿಯ ಬೋಲ್ಟುಗಳು ತುಕ್ಕು ಹಿಡಿದಿದ್ದವು. ಅಲ್ಲಿ ಹೊಳೆಯುವ ಬೋಲ್ಟು ಕಂಡರೆ ಬುದ್ಧಿವಂತರು ಮೂಗು ತೂರಿಸುತ್ತಾರೆ, ಅದಕ್ಕೇ ಗುಜರಿಯಿಂದ ಹದವಾಗಿ ಹಳತಾದವನ್ನು ಆರಿಸಿ ತಂದ. ವಾಸನೆಗೆ ಸೆಂಟು ಹೊಡೆಯುವುದು ಎಳಸು ಕಳ್ಳರ ಕೆಲಸ. ಅವನು ಬಟ್ಟಲುಗಳಲ್ಲಿ ಕಾಫಿಪುಡಿ ಇಟ್ಟು ದಿನಗಟ್ಟಲೆ ಬಾಗಿಲು ಮುಚ್ಚಿದ. ಕೊನೆಗೆ ಹಿಂದಿನ ಸೀಟಿನ ಸಂದಿಗೆ ಒಂದಿಷ್ಟು ಬಿಸ್ಕತ್ತಿನ ಪುಡಿ, ಒಂದು ಮುರಿದ ಬಣ್ಣದ ಕಡ್ಡಿ ತುರುಕಿದ. ಮಕ್ಕಳಿದ್ದ ಮನೆಯ ಗಾಡಿಯಾಯಿತು. ಅದನ್ನು ಮಾಡುವಾಗ ತನ್ನ ಜಾಣತನಕ್ಕೆ ತಾನೇ ನಾಚಿಕೊಂಡ.

ಬಣ್ಣದ ಬಗ್ಗೆ ಮಾತ್ರ ಅವನಿಗೆ ದಿಗಿಲು. ಎಲ್ಲಾದರೂ ನೇರಳೆ ಉಳಿದರೆ ಕತೆ ಮುಗಿದ ಹಾಗೆ, ಊರಿನಲ್ಲಿ ಆ ನೀರು ನುಗ್ಗಿದ್ದು ತನ್ನ ಶೆಡ್ಡಿಗೆ ಮಾತ್ರ. ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಬಾಗಿಲಿನ ಅಂಚು, ಸೀಟು ಜಾರುವ ಕಂಬಿ, ಪೆಡಲಿನ ಬೆನ್ನು ಎಲ್ಲ ತಿಕ್ಕಿದ. ಕಪ್ಪು ಬಣ್ಣದ ವಸ್ತುಗಳನ್ನು ಕಣ್ಣಿನಿಂದ ನಂಬಲಿಲ್ಲ, ಬಿಳಿ ಕರವಸ್ತ್ರ ಒದ್ದೆ ಮಾಡಿ ಒರೆಸಿ ನೋಡಿದ. ಸೀಟ್‌ಬೆಲ್ಟುಗಳನ್ನೂ ಬಿಡಲಿಲ್ಲ. ಒಂದೊಂದೇ ಸೀಟಿನಲ್ಲಿ ಕೂತು, ಬೆಲ್ಟ್ ಎಳೆದು ಮೈಮೇಲೆ ಹಾಕಿಕೊಂಡು, ಹೆಗಲಿನಿಂದ ಸೊಂಟದವರೆಗೆ ಉಜ್ಜಿದ. ಕೊನೆಗೆ ಕರವಸ್ತ್ರ ಬೆಳ್ಳಗೇ ಉಳಿಯಿತು. ಆ ಶೆಡ್ಡಿನ ಚಾಕರಿಯಲ್ಲಿ ಅವನ ಮೈ ಎಷ್ಟು ಇಳಿದಿತ್ತೆಂದರೆ ಪ್ಯಾಂಟು ನಿಲ್ಲಲು ಸೊಂಟಪಟ್ಟಿಗೆ ಹೊಸ ತೂತು ಕೊರೆಯಬೇಕಾಯಿತು.

ಮೊದಲು ಷಡ್ಡಕನನ್ನು ಬೇರೆ ಎರಡು ಕಡೆ ಸುತ್ತಿಸಿದ. ಒಂದು ಗಾಡಿ ನಿಜಕ್ಕೂ ಕೆಟ್ಟದ್ದು, ಗೇರ್ ಬದಲಾಗುವಾಗ ಜಗ್ಗುತ್ತಿತ್ತು. ಅದನ್ನು ಬೇಡವೆಂದು ನ್ಯಾಯವಾಗಿ ಹೇಳಿದ. ಇನ್ನೊಂದು ಬಂಗಾರದಂಥ ಗಾಡಿ. ಅದರ ಕೆಳಗೆ ತೂರಿಕೊಂಡು ಬಹಳ ಹೊತ್ತು ಮಲಗಿದ್ದು, ಎದ್ದು ಬಂದು ಧೂಳು ಕೊಡವಿಕೊಳ್ಳುತ್ತ ಹೇಳಿದ. “ಬೇಡ ಭಾವ. ಸಸ್ಪೆನ್ಷನ್ ಸತ್ತೋಗಿದೆ. ನನ್ನ ಗಿರಾಕಿ ಆಗಿದ್ರೆ ಕೊಟ್ಟುಬಿಡ್ತಿದ್ದೆ, ನಿಮಗೆ ಹೇಗೆ ಕೊಡಿಸಲಿ?” ಷಡ್ಡಕ ಮೊದಲ ಸಲ ಅವನ ಹೆಗಲ ಮೇಲೆ ಕೈ ಹಾಕಿದ. ಒಂದು ಕ್ಷಣ ಅವನಿಗೆ ಪಾಪ ಅನ್ನಿಸಿತು. ‘ಬದನೆಕಾಯಿ’ ನೆನಪಾಗಿ ಆ ಪಾಪ ಅಲ್ಲೇ ಕರಗಿತು.

ಗೆಳೆಯನ ಮನೆಯ ಮುಂದೆ ನಿಲ್ಲಿಸಿದ್ದ ಬೂದು ಗಾಡಿ ನೋಡಲು ಮಾವನೂ ಹೊರಟು ಬಂದರು. ಇಸ್ತ್ರಿಯ ಗೆರೆ ಕೂಡ ಮುರಿಯದ ಬಿಳಿ ಅಂಗಿ. ಗೆಳೆಯ ಆಕಳಿಸುತ್ತ ಕೀಲಿ ಕೊಟ್ಟ. ಅವನು ಹಿಂದೆಂದೂ ಕಾಣದವನಂತೆ ಗಾಡಿಯ ಸುತ್ತ ಬಂದ, ಟೈರು ಗುದ್ದಿದ, ಎಣ್ಣೆಯ ಕಡ್ಡಿ ಎಳೆದು ಮೂಸಿದ. ಆಮೇಲೆ ಚಾಸಿ ನಂಬರನ್ನು ಮೊಬೈಲಿಗೆ ಹಾಕಿ ಮುಖ ಸಿಂಡರಿಸಿದ.

“ಸ್ವಾಮಿ, ಇದನ್ನ ರಿಪೇರಿಗೆ ಕಂಪನಿ ವಾಪಸ್ ಕರೆದಿದೆ ಅಂತ ಯಾಕೆ ಹೇಳಲಿಲ್ಲ? ಎಂಜಿನ್ನಿಗೆ ಪೆಟ್ರೋಲ್ ಹರಿಸೋ ಪಂಪಿನ ದೋಷ. ಓಡ್ತಾ ಓಡ್ತಾ ಎಂಜಿನ್ ನಿಂತುಬಿಡಬಹುದು.”

ಗೆಳೆಯ ತಬ್ಬಿಬ್ಬಾದ, ಹೇಳಿಕೊಟ್ಟದ್ದಕ್ಕಿಂತ ಚೆನ್ನಾಗಿ. “ನಮಗೇನು ಗೊತ್ತು ಸಾರ್, ಅಣ್ಣ ಹೇಳಲಿಲ್ಲ.”

“ಗಾಬರಿ ಬೇಡ ಭಾವ,” ಅವನು ಷಡ್ಡಕನ ಕಡೆ ತಿರುಗಿದ. “ಕಂಪನಿಯವರೇ ಬಿಟ್ಟಿಯಾಗಿ ಹೊಸ ಪಂಪ್ ಹಾಕಿಕೊಡ್ತಾರೆ. ಆದ್ರೆ ಇದನ್ನ ಹಿಡಿದು ಬೆಲೆ ಇಳಿಸೋಣ.”

ಈ ದೋಷ ಇದ್ದದ್ದು ನಿಜ. ಅಂಥ ಒಂದು ನಿಜವನ್ನು ತಾನೇ ಎತ್ತಿ ತೋರಿಸಿದವನ ಬಾಯಿಂದ ಮುಂದೆ ಏನು ಬಂದರೂ ನಿಜವೇ ಎಂದು ಅವನ ಲೆಕ್ಕ. ಅದು ಸರಿಯಾಗಿಯೇ ಇತ್ತು. ಷಡ್ಡಕ ಓದಿಕೊಂಡು ಬಂದಿದ್ದ ಪ್ರಶ್ನೆಗಳಲ್ಲಿ ಕೇಳಿದ್ದು ಒಂದನ್ನೇ. “ನೀರಲ್ಲಿ ಮುಳುಗಿದ್ದಲ್ಲ ತಾನೆ?”

“ನೀರಲ್ಲಿ ಮುಳುಗಿದ್ದು ನನಗೆ ಗೊತ್ತಾಗಲ್ವಾ ಭಾವ? ಇದು ನೀರು ಕಾಣದ ಗಾಡಿ. ಬೇಕಾದ್ರೆ ಬರೆದುಕೊಡ್ತೀನಿ.”

ಮಾವ ಮೆಚ್ಚುಗೆಯಿಂದ ಹೂಂ ಎಂದರು. ಆ ಹೂಂಕಾರದಲ್ಲಿ ಅವನಿಗೆ ಮೂಲೆಯ ಸೈಟಿನ ಗೇಟು ತೆರೆದುಕೊಂಡದ್ದು ಕೇಳಿಸಿತು.

ಓಡಿಸಿ ನೋಡಲು ಹೊರಟರು. ಷಡ್ಡಕ ಸ್ಟಿಯರಿಂಗಿಗೆ, ಮಾವ ಮುಂದಿನ ಸೀಟಿಗೆ, ಅವನು ಹಿಂದಕ್ಕೆ. ಗಾಡಿ ಬೆಣ್ಣೆಯ ಹಾಗೆ ಹೊರಟಿತು. ಟಿಣ್ ಟಿಣ್ ಎಂದು ಸದ್ದು ಶುರುವಾಯಿತು.

“ಬೆಲ್ಟು ಮಾವ,” ಎಂದ ಷಡ್ಡಕ.

“ಬಿಡಿ, ನನ್ನ ಹೊಟ್ಟೆಗೆ ಯಾವ ಬೆಲ್ಟೂ ಸಾಲಲ್ಲ.”

ಮಾವನ ಯೋಗಕ್ಷೇಮ ನೋಡುವುದರಲ್ಲಿ ಷಡ್ಡಕ ತನ್ನನ್ನು ಮೀರಿಸುವುದನ್ನು ಅವನಿಗೆ ಸಹಿಸಲಾಗಲಿಲ್ಲ. “ಇದು ದೊಡ್ಡ ಗಾಡಿ ಮಾವ, ಸಾಲತ್ತೆ,” ಎನ್ನುತ್ತ ಹಿಂದಿನಿಂದ ಬಗ್ಗಿ ತಾನೇ ಬೆಲ್ಟ್ ಎಳೆದ. ಎಳೆದ, ಇನ್ನೂ ಎಳೆದ. ಅದು ಬಾಗಿಲ ಕಂಬದೊಳಗಿನಿಂದ ಬರುತ್ತಲೇ ಇತ್ತು. ಕೊನೆಗೂ ಆ ಬೆಟ್ಟವನ್ನು ಸುತ್ತಿ ಬಂದು ಕೊಕ್ಕೆ ಕಚ್ಚಿತು. ಸದ್ದು ನಿಂತಿತು. “ಪರವಾಗಿಲ್ಲ ಕಣ್ರೀ, ಸೇಫಾಗಿದೆ,” ಎಂದರು ಮಾವ, ಬೆವರೊರೆಸಿಕೊಳ್ಳುತ್ತ. ಅವನಿಗೆ ನಿಜವಾದ ಸಂತೋಷವಾಯಿತು. ಊರು ಸುತ್ತಿ ಬರುವಷ್ಟರಲ್ಲಿ ಷಡ್ಡಕ ವ್ಯಾಪಾರಕ್ಕೆ ಒಪ್ಪಿಯಾಗಿತ್ತು.

ಗೆಳೆಯನ ಮನೆಯ ಮುಂದೆ ಮಾವ ಇಳಿದು ನಿಂತರು. ಷಡ್ಡಕ ಅವರ ಎದೆಯತ್ತ ಬೆರಳು ಮಾಡಿದ. ಮಾವ ತಲೆ ಬಗ್ಗಿಸಿದರು. ಬಿಳಿ ಅಂಗಿಯ ಮೇಲೆ, ಹೆಗಲಿನಿಂದ ಸೊಂಟಕ್ಕೆ ಓರೆಯಾಗಿ, ಬೆಲ್ಟಿನಷ್ಟೇ ಅಗಲದ ಒಂದು ನೇರಳೆ ಪಟ್ಟಿ. ಬೆಲ್ಟಿನ ಉಳಿದ ಉದ್ದವೆಲ್ಲ ಬಾಗಿಲ ಕಂಬದ ಬುಡದಲ್ಲಿ, ನೀರು ನಿಂತಿದ್ದ ಜಾಗದಲ್ಲೇ, ಸುರುಳಿ ಸುತ್ತಿಕೊಂಡಿರುತ್ತದೆ. ಅವನು ತಿಕ್ಕಿದ್ದು ತನ್ನ ಬಡಕಲು ಮೈಗೆ ಬೇಕಾದಷ್ಟನ್ನು ಮಾತ್ರ. ಮಾವ ಬೆರಳಿಗೆ ಉಗುಳು ಹಚ್ಚಿ ಪಟ್ಟಿಯನ್ನು ಉಜ್ಜಿದರು, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ತಲೆಯೆತ್ತದೆ, ಬಹಳ ಮೆತ್ತಗೆ ಹೇಳಿದರು. “ಅಳಿಯಂದ್ರೆ, ಸ್ವಲ್ಪ ಚಪ್ಪಲಿ ಬಿಡಿ. ನಿಮ್ಮ ಕಾಲು ನೋಡೋಣ.”