ಕೊನೆಯ ಸಾಲು ಮತ್ತೊಮ್ಮೆ

ಮೈಕಿನವನು ಎಂದುಕೊಂಡೇ ನಾನು ದಿಲೀಪನಿಗೆ ಕಾಗದದ ಲೋಟದಲ್ಲಿ ಕಾಫಿ ಕೊಟ್ಟಿದ್ದು.

ಗಂಜಾಂನ ನಮ್ಮ ಬೀದಿಯ ಭಜನೆ ಮಂದಿರದಲ್ಲಿ ಶನಿವಾರ ಸಂಜೆ ಗಮಕ ನಡೆಯುತ್ತದೆ. ಒಬ್ಬರು ಕಾವ್ಯದ ಪದ್ಯವನ್ನು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಅರ್ಥ ಹೇಳುತ್ತಿದ್ದವರು ನನ್ನ ಅಪ್ಪ ಜಯರಾಮಯ್ಯ. ಅವರ ಗಂಟಲು ಕೆಟ್ಟ ಮೇಲೆ, ಎಂ.ಎ. ಮುಗಿಸಿ ಮನೆಯಲ್ಲಿದ್ದ ನನ್ನನ್ನು ಕೂರಿಸಿದರು. ನಾಲ್ಕು ಜನರೆದುರು ಹೆಸರು ಹೇಳಲೂ ಬೆವರುವವಳು ನಾನು.

ಆ ದಿನ ಪಾಂಡವಪುರದ ಮೇಷ್ಟ್ರೊಬ್ಬರು ತಮ್ಮ ಶಿಷ್ಯನನ್ನು ವಾಚನಕ್ಕೆ ಕಳಿಸಿದ್ದರು. ವೈರು ಸರಿಮಾಡುತ್ತಿದ್ದ ಹುಡುಗ "ವಸಿ ಅತ್ಲಾಗ್ ಸರ್ಕೊಳ್ರೀ" ಅಂದಾಗ, ಆ ಶಿಷ್ಯ ಇವನೇ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಕಾಫಿ ಕುಡಿದು ಅದೇ ಮೈಕಿನ ಮುಂದೆ ಕೂತು ಹಾಡತೊಡಗಿದ. ಹಳೆಯ ಕನ್ನಡದ ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗಿತ್ತು. ನನ್ನ ಬೆರಗು ಅವನಿಗೆ ಕಂಡುಬಿಟ್ಟಿತು.

"ಯಾಕ್ರೀ ಅಂಗ್ ನೋಡ್ತೀರ?" ಮುಗಿದ ಮೇಲೆ ಕೇಳಿದ. "ಹಾಡೋದೂ ನಮ್ದೇಯ, ಆಡೋದೂ ನಮ್ದೇಯ."

ನಾನು ಓದಿಕೊಂಡು ಬೆಳೆದ ಕಥೆಗಳಲ್ಲಿ ಪ್ರೀತಿಸುವ ಗಂಡಸರೆಲ್ಲ ಅಚ್ಚಿನ ಕನ್ನಡ ಆಡುತ್ತಿದ್ದರು. ದಿಲೀಪನ ಹಾಗೆ ಮಾತಾಡುವವರು ನಗಿಸಲು ಬರುತ್ತಿದ್ದರು, ಇಲ್ಲವೇ ಗಾಡಿ ಹೊಡೆಯಲು. ಡೈರಿಯಲ್ಲಿ ಅವನ ಮಾತನ್ನು ಅವನಾಡಿದ ಹಾಗೆಯೇ ಬರೆಯಲು ಹೋದೆ. ಕೈ ತಾನಾಗಿ ತಿದ್ದಿಬಿಟ್ಟಿತು.

ಬೆಳಿಗ್ಗೆ ಬೂಕನಕೆರೆಯ ಹಾಲಿನ ಸೊಸೈಟಿಯಲ್ಲಿ ಕೆಲಸ ಮುಗಿಸಿ, ಶನಿವಾರ ಸಂಜೆ ಬೈಕಿನಲ್ಲಿ ಬರುತ್ತಿದ್ದ. ಅರ್ಥ ಹೇಳುವವರಿಗೆ ಮಾತು ತೋಚದಿದ್ದರೆ ವಾಚಕರು ಕೊನೆಯ ಸಾಲನ್ನು ಮತ್ತೊಮ್ಮೆ ಹಾಡುವುದು ರೂಢಿ. ನಾನು ತಡವರಿಸಿದಾಗಲೆಲ್ಲ ಅವನು ಹಾಡಿದ, ಕಣ್ಣಂಚಿನಲ್ಲಿ ನನ್ನನ್ನೇ ನೋಡುತ್ತ, ಅವಸರವೇನಿಲ್ಲ ಎನ್ನುವ ಹಾಗೆ. ಕೆಲವು ಸಲ ನಾನು ಬೇಕೆಂದೇ ತಡವರಿಸಿದೆ.

"ಇವತ್ತು ಅರ್ಥ ಗೊತ್ತಿದ್ರೂ ಸುಮ್ನಿದ್ರಿ," ಎಂದ, ಕರಿಘಟ್ಟದ ಗುಡಿಯ ಮೆಟ್ಟಿಲ ಮೇಲೆ ಕೂತು.

"ಮೈಕಿನವರಿಗೆ ಅದೆಲ್ಲ ಯಾಕೆ?"

"ಮೈಕ್ನೋರಿಗೇ ಕಣ್ರೀ ಮೊದ್ಲು ಕೇಳ್ಸೋದು. ನಿಮ್ಮ್ ಉಸ್ರೂ ಕೇಳ್ಸ್ತದೆ."

ಅವನ ಅವ್ವ ಚಿಕ್ಕಬೋರಮ್ಮ, ಐನೋರ ಮನೆ ಹೆಣ್ಣ್ ತಂದ್ಬುಟ್ರೆ ಬಾಡು ಬೇಯ್ಸೋದು ಎಲ್ಲಿ, ಕೊಟ್ಟಿಗೇಲಾ ಎಂದು ಕೇಳಿದರಂತೆ. ಹೇಳಿ ತಾನೇ ನಕ್ಕ. ನಾನು ನಗದಿದ್ದುದನ್ನು ನೋಡಿ ನಿಲ್ಲಿಸಿದ.

ಮೆಟ್ಟಿಲ ಮೇಲೆ ನಮ್ಮನ್ನು ಯಾರೋ ನೋಡಿದ್ದರು. ಅಪ್ಪ ಕೂಗಾಡಲಿಲ್ಲ.

"ಚೆನ್ನಾಗಿ ಹಾಡ್ತಾನೆ ಕಣಮ್ಮ, ಇಲ್ಲ ಅನ್ನಲ್ಲ. ಆದರೆ ಅವನು ಯಾರ ಪೈಕಿ, ನಾವು ಯಾರು?"

ನಾನು ನೆಲ ನೋಡುತ್ತ ನಿಂತಿದ್ದೆ. ಭಾನುವಾರ ನಾಗಮಂಗಲದಿಂದ ನನಗೆ ನೋಡಿದ್ದ ಗಂಡಿನ ಕಡೆಯವರು ಮಾತು ಮುಗಿಸಲು ಬರುತ್ತಾರೆಂದೂ, ಅದರ ಹಿಂದಿನ ದಿನ, ಶನಿವಾರದ್ದೇ ದಿಲೀಪನ ಕಡೆಯ ವಾಚನವೆಂದೂ ಹೇಳಿ ಒಳಗೆ ಹೋದರು. ಅಮ್ಮನ ಕೈ ಹಿಡಿದು ಅತ್ತೆ. ನಿನಗೇ ಬಾಯಿ ಬರಲಿಲ್ಲ, ನಾನೇನು ಹೇಳಲಿ ಎಂದು ಅಮ್ಮ ಕೈ ಬಿಡಿಸಿಕೊಂಡರು. ನೀವೇ ಬಂದು ಅಪ್ಪನನ್ನು ಕೇಳಿ ಎಂದು ದಿಲೀಪನನ್ನು ಫೋನಿನಲ್ಲಿ ಬೇಡಿಕೊಂಡೆ.

"ನಾನ್ ಕೇಳಿದ್ರೆ ಓಗು ಅಂತಾರೆ, ಮುಗೀತು," ಎಂದ. "ನೀವು ಕೇಳ್ಬೇಕು, ಪ್ರಜ್ಞ."

ಆ ಶನಿವಾರ ವಾಚಿಸಬೇಕಿದ್ದ ಕಾವ್ಯಭಾಗವೆಂದರೆ ಅಪ್ಪನಿಗೆ ಪ್ರಾಣ. ಸ್ಪರ್ಧೆಗೆ ಬಂದ ಶೂರನೊಬ್ಬನನ್ನು ತುಂಬಿದ ಸಭೆ ನಿನ್ನ ಕುಲ ಯಾವುದೆಂದು ಕೇಳುತ್ತದೆ. ಅವನು ತಲೆ ತಗ್ಗಿಸುತ್ತಾನೆ. ಅಪ್ಪ ಪ್ರತಿ ವರ್ಷ ಇಲ್ಲಿ ಅಳುತ್ತಾರೆ. ಅಂದೂ ಮುಂದೆಯೇ ಕೂತು ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡರು.

ಪದ್ಯ ಮುಗಿಯಿತು. ನನ್ನ ಸರದಿ. ದಿಲೀಪ ಕೊನೆಯ ಸಾಲನ್ನು ಮತ್ತೆ ಹಾಡಿದ. ಇನ್ನೊಮ್ಮೆ ಹಾಡಿದ. ಹಿಂದೆ ಹೆಂಗಸರು ಗುಸುಗುಸು ಶುರುಮಾಡಿದರು. ಈ ಸಲ ಅವನು ನನ್ನತ್ತ ನೋಡಲಿಲ್ಲ. ಇನ್ನು ಕಾಯುವುದಿಲ್ಲ ಎಂದು ಗೊತ್ತಾಯಿತು.

ಮೈಕನ್ನು ಹತ್ತಿರಕ್ಕೆಳೆದುಕೊಂಡೆ.

"ಈ ಪದ್ಯಕ್ಕೆ ಅರ್ಥ ಹೇಳೋ ಯೋಗ್ಯತೆ ನನಗಿಲ್ಲ. ಇದೇ ಪ್ರಶ್ನೆಯನ್ನ ನಮ್ಮ ಮನೇಲಿ ಕೇಳಿದಾಗ ನಾನು ಬಾಯಿ ಮುಚ್ಕೊಂಡಿದ್ದೆ. ಅಪ್ಪ, ನೀವು ಯಾರಿಗೋಸ್ಕರ ಅಳ್ತಿದ್ದೀರೋ ಅಂಥವರೇ ನನ್ನ ಪಕ್ಕದಲ್ಲಿ ಕೂತಿದ್ದಾರೆ. ಮದುವೆ ಅಂತ ಆದರೆ ನಾನು ಇವರನ್ನೇ ಆಗೋದು."

ಶಲ್ಯ ಅಪ್ಪನ ಕೆನ್ನೆಯ ಮೇಲೆಯೇ ನಿಂತಿತು. ಎದ್ದರು. ಬಾಗಿಲವರೆಗೆ ಹೋಗಿ ಒಂದು ಕಾಲನ್ನು ಚಪ್ಪಲಿಗೆ ತೂರಿಸಿ, ನಮಗೆ ಬೆನ್ನು ಮಾಡಿ ಹಾಗೆಯೇ ನಿಂತುಬಿಟ್ಟರು. ಅಮ್ಮ ಕೂತಲ್ಲಿಂದ ಏಳಲಿಲ್ಲ.

ದಿಲೀಪ ಮುಂದಿನ ಪದ್ಯ ಎತ್ತಿಕೊಳ್ಳಬೇಕಿತ್ತು. ಬಾಯಿ ತೆರೆದ, ದನಿ ಹೊರಡಲಿಲ್ಲ. ಮತ್ತೆ ತೆರೆದ.

ನನಗೆ ರಾಗ ಬರುವುದಿಲ್ಲ. ಆದರೂ ಆ ಕೊನೆಯ ಸಾಲನ್ನು ನಾನೇ ಮತ್ತೊಮ್ಮೆ ಹಾಡಿದೆ, ಅವನ ಕಡೆ ನೋಡುತ್ತ, ಅವಸರವೇನಿಲ್ಲ ಎನ್ನುವ ಹಾಗೆ.